ಕೊರಿಯನ್ ಸಿನಿಮಾ ನೋಡಿದ್ಮೇಲೆ ಬರೀ 'ಸೂಪರ್' ಅಂತ ಬರೀದೇ ಇರೋದು ಹೇಗೆ

ಹೋದ ತಿಂಗಳು ನನ್ನ ಹಳೇ ನೋಟ್‌ಬುಕ್ ಒಂದು ಸಿಕ್ತು, ನೋಡಿದ ಕೊರಿಯನ್ ಸಿನಿಮಾಗಳ ಬಗ್ಗೆ ಎರಡೆರಡು ಸಾಲು ಬರ್ದಿಡ್ತಿದ್ದೆ ಅದ್ರಲ್ಲಿ, ಓದ್ತಾ ಹೋದಂಗೆ ನಾಚಿಕೆ ಆಯ್ತು. "ಬೆಂಕಿ ಸಿನಿಮಾ." "ಕ್ಲೈಮ್ಯಾಕ್ಸ್ ಸೂಪರ್." "ತಲೆ ಗಿರ್ ಅಂತು, ಮಿಸ್ ಮಾಡ್ಬೇಡಿ." ಸಿನಿಮಾ ಹೆಸರು ಮುಚ್ಚಿಟ್ಟು ಓದಿದ್ರೆ ಯಾವುದ್ರ ಬಗ್ಗೆ ಬರ್ದಿದ್ದು ಅಂತ ಬರ್ದಿರೋ ನನಗೇ ಗೊತ್ತಾಗ್ಲಿಲ್ಲ. ಒಂದು ಪೇಜಲ್ಲಂತೂ ಬರೀ "ಅಯ್ಯೋ" ಅಂತ ಇತ್ತು, ವಿಚಿತ್ರ ಅಂದ್ರೆ ಅದೊಂದೇ ನೆನಪಾಯ್ತು, ಯಾವ ಸಿನಿಮಾ ಯಾವ ಸೀನು ಎಲ್ಲಾ ಕಣ್ಮುಂದೆ ಬಂತು.

ಅವತ್ತಿಂದ ಬರೆಯೋ ರೀತಿನೇ ಬದಲಾಯಿಸ್ಕೊಂಡೆ. ಇತ್ತೀಚೆಗೆ ಸಾಲಾಗಿ ಎಂಟ್ಹತ್ತು ಕೊರಿಯನ್ ಸಿನಿಮಾ ನೋಡ್ದೆ, ಕೆಲವು ಮೊದಲ ಸಲ, ಕೆಲವು ಎರಡನೇ ಸಲ, ಅವುಗಳ ಜೊತೆ ಒದ್ದಾಡಿ ಕಲ್ತಿದ್ದನ್ನ ಇಲ್ಲಿ ಹಾಕ್ತಿದೀನಿ. ಇದು ವಿಮರ್ಶೆ ಬರೆಯೋದು ಹೇಗೆ ಅಂತಲ್ಲ, ಕ್ಯಾಮೆರಾ, ಎಡಿಟಿಂಗು, ಸ್ಕ್ರೀನ್‌ಪ್ಲೇ ಅಂತ ಮಾತಾಡೋರು ಬೇರೆ ಇದಾರೆ. ನಾವು ಬರೆಯೋದು ನಮಗೆ ಏನಾಯ್ತು ಅಂತ. ನನ್ನ ಪ್ರಕಾರ ಅದಕ್ಕೆ ಒಂದೇ ಒಂದು ಸಾಮಗ್ರಿ ಬೇಕು: ಸಿನಿಮಾದಲ್ಲಿ ನೀವು ಎಲ್ಲಿ ಎಡವಿದ್ರಿ ಅನ್ನೋದು. ನಗಬಾರದ ಕಡೆ ನಕ್ಕಿದ್ದು, ಅಳು ಬರಬೇಕಾದ ಕಡೆ ಬರದೇ ಇದ್ದಿದ್ದು, ಇದೇನಪ್ಪಾ ಹಿಂಗ್ಯಾಕೆ ಮಾಡ್ದ ಅಂತ ಗೊತ್ತಾಗದೇ ಇದ್ದಿದ್ದು. ಅದನ್ನ ಹಿಡ್ಕೊಂಡ್ರೆ ಮಿಕ್ಕಿದ್ದು ತಾನಾಗೇ ಬರುತ್ತೆ.

ನೋಡೋಕೆ ಮುಂಚೆ ಜಾಸ್ತಿ ಕೆಲಸ ಇಲ್ಲ. ಟ್ರೇಲರ್ ಬೇಡ, ಸ್ಟಾರ್ ರೇಟಿಂಗ್ ಬೇಡ, "ಎಂಡಿಂಗ್ ಎಕ್ಸ್‌ಪ್ಲೇನ್ಡ್" ಅಂತ ಬರೋ ವಿಡಿಯೋಗಳಂತೂ ಕನಸಲ್ಲೂ ಬೇಡ. ಒಂದು ಮಾತ್ರ ಹಠ ಹಿಡ್ದು ಮಾಡಿ, ಡಬ್ ಬಿಟ್ಟು ಕೊರಿಯನ್ ಆಡಿಯೋದಲ್ಲೇ ನೋಡಿ, ಸಬ್‌ಟೈಟಲ್ ಹಾಕ್ಕೊಂಡು. ಎಲ್ಲರೂ ಹೇಳೋ ಸಲಹೇನೇ ಇದು, ಆದ್ರೆ ಕನ್ನಡದೋರಿಗೆ ಇದ್ರಲ್ಲಿ ಒಂದು ಲಾಭ ಜಾಸ್ತಿ ಇದೆ. ಕೊರಿಯನ್ ವಾಕ್ಯದಲ್ಲೂ ನಮ್ಮ ಥರಾನೇ ಕ್ರಿಯಾಪದ ಕೊನೇಲಿ ಬರುತ್ತೆ, ಅಪ್ಪನ್ನ "ಆಪ್ಪಾ" ಅಂತಾರೆ, ಅಮ್ಮನ್ನ "ಒಮ್ಮಾ" ಅಂತಾರೆ, ಮೊದಲ ಸಲ ಯಾವ್ದೋ ಮಗು ಸ್ಕ್ರೀನ್ ಮೇಲೆ "ಆಪ್ಪಾ" ಅಂತ ಕಿರುಚಿದಾಗ ನಾನು ಸಬ್‌ಟೈಟಲ್ ಓದೋಕೆ ಮುಂಚೆನೇ ಬೆಚ್ಚಿಬಿದ್ದಿದ್ದೆ. ಮುಖ್ಯವಾಗಿ, ನಮ್ಮಲ್ಲಿ ನೀನು, ನೀವು ಇರೋ ಹಾಗೆ ಅಲ್ಲೂ ಮಾತಿಗೆ ಮೆಟ್ಟಿಲುಗಳಿವೆ. ಮರ್ಯಾದೆ ಕೊಟ್ಟು ಮಾತಾಡೋದು "ಜೊಂದೇನ್‌ಮಾಲ್", ಏಕವಚನದ ಥರದ್ದು "ಬಾನ್‌ಮಾಲ್". ಇಂಗ್ಲಿಷ್ ಸಬ್‌ಟೈಟಲ್‌ಗೆ ಇದು ಗೊತ್ತೇ ಆಗಲ್ಲ, ಎಲ್ಲಾನೂ "ಯೂ" ಮಾಡಿ ಮುಗಿಸುತ್ತೆ. ಕಿವಿ ಇಟ್ಟು ಕೇಳಿ, ವಾಕ್ಯದ ಕೊನೇಲಿ "ಯೋ" ಅಂತಲೋ "ನಿದಾ" ಅಂತಲೋ ಬರ್ತಿದ್ರೆ ಮರ್ಯಾದೆ ಇದೆ ಅಂತ, ಇದ್ದಕ್ಕಿದ್ದ ಹಾಗೆ ಅದು ಬಿದ್ದುಹೋಯ್ತು ಅಂದ್ರೆ ಆ ಇಬ್ಬರ ಮಧ್ಯೆ ಏನೋ ಆಯ್ತು ಅಂತ. ಪ್ರೀತಿನೋ ಜಗಳವೋ ಅವಮಾನವೋ, ಏನೋ ಒಂದು. ಆ ಜಾಗಕ್ಕೆ ಒಂದು ಗುರುತು ಹಾಕ್ಕೊಳ್ಳಿ, ಬರೆಯುವಾಗ "ಬನ್ನಿ" ಅಂತಿದ್ದೋಳು "ಬಾ" ಅಂದ್ಲು ಅಂತ ಬರೀಬಹುದು, ಇಂಗ್ಲಿಷಲ್ಲಿ ಬರೆಯೋನು ಇದಕ್ಕೆ ಅರ್ಧ ಪ್ಯಾರಾ ಖರ್ಚು ಮಾಡ್ಬೇಕು.

ನೋಡುವಾಗ ಬರೀಬೇಡಿ. ನಾನು ಒಂದು ಸಲ ಮೊಬೈಲಲ್ಲಿ ಟೈಪ್ ಮಾಡ್ತಾ ಮಾಡ್ತಾ ನೋಡಿ ಅರ್ಧ ಸಿನಿಮಾನೇ ಕಳ್ಕೊಂಡೆ, ಯಾರು ಯಾರ ತಮ್ಮ ಅಂತ ಕೊನೆವರೆಗೂ ಗೊತ್ತಾಗ್ಲಿಲ್ಲ. ಪಕ್ಕದಲ್ಲಿ ಒಂದು ಚೀಟಿ, ಒಂದು ಪೆನ್ಸಿಲ್ ಸಾಕು. ಎಷ್ಟನೇ ನಿಮಿಷ ಅಂತ ಒಂದು ನಂಬರ್, ಮುಂದೆ ಒಂದೇ ಅಕ್ಷರ. ನಕ್ರೆ "ನ", ಹೊಟ್ಟೇಲಿ ಏನೋ ಆದ್ರೆ "ಹೊ", ಅರ್ಥ ಆಗದಿದ್ರೆ ಒಂದು ಪ್ರಶ್ನಾರ್ಥಕ ಚಿಹ್ನೆ. ಒಂದು ಸಿನಿಮಾಗೆ ಆರೇಳು ಗುರುತು ಬಿದ್ರೆ ಜಾಸ್ತಿ ಆಯ್ತು.

ಮೈ ಏನು ಹೇಳ್ತು ಅನ್ನೋದನ್ನ ಗುರುತು ಮಾಡೋದ್ರಲ್ಲಿ ಕೊರಿಯಾದ ಹುಡುಗರು ನಮಗಿಂತ ಒಂದು ಹೆಜ್ಜೆ ಮುಂದೆ ಹೋಗಿದಾರೆ. 2023ರ ನವೆಂಬರಲ್ಲಿ "12.12: ದಿ ಡೇ" ಬಂತು, ಕೊರಿಯನ್ನಲ್ಲಿ ಅದ್ರ ಹೆಸರು "ಸೋಲ್‌ನ ವಸಂತ" ಅಂತ (ಸೋಲ್ ಅಂದ್ರೆ ಅಲ್ಲಿನ ರಾಜಧಾನಿ). 1979ರ ಡಿಸೆಂಬರ್ 12ರ ರಾತ್ರಿ ಸೈನ್ಯದ ಒಂದು ಗುಂಪು ಅಧಿಕಾರ ಕಿತ್ಕೊಂಡ ಕತೆ, ಕೆಲವೇ ಗಂಟೆಗಳಲ್ಲಿ ನಡೆಯೋದು. ನೋಡಿ ಹೊರಗೆ ಬಂದ ಹುಡುಗ ಹುಡುಗೀರು ತಮ್ಮ ಸ್ಮಾರ್ಟ್‌ವಾಚಲ್ಲಿ ಎದೆಬಡಿತ ಎಷ್ಟಾಯ್ತು ಅಂತ ಫೋಟೋ ತೆಗೆದು ಹಾಕೋಕೆ ಶುರು ಮಾಡಿದ್ರು, ಅದೇ ಒಂದು ಚಾಲೆಂಜ್ ಆಗೋಯ್ತು. ಯಾರು ಗೆದ್ದರು ಅಂತ ಅಲ್ಲಿ ಪ್ರತಿಯೊಬ್ಬರಿಗೂ ಸ್ಕೂಲ್ ಪುಸ್ತಕದಿಂದಲೇ ಗೊತ್ತು, ಆದ್ರೂ ಎದೆ ಡವಗುಟ್ಟುತ್ತೆ, ಸಿಟ್ಟಿಗೆ. ನನ್ನ ಹತ್ರ ಅಂಥ ವಾಚ್ ಇಲ್ಲ, ಆದ್ರೆ ನನ್ನ ಚೀಟೀಲಿ ಆ ಸಿನಿಮಾದ ಕೊನೇ ಮುಕ್ಕಾಲು ಗಂಟೇಲಿ ಐದು "ಹೊ" ಬಿದ್ದಿತ್ತು, ಮತ್ತೆ ಆ ಗುಂಪಿನ ನಾಯಕನ ಪಾತ್ರ ಮಾಡಿರೋ ಹ್ವಾಂಗ್ ಜುಂಗ್ ಮಿನ್ ಟಾಯ್ಲೆಟ್ಟಲ್ಲಿ ಒಬ್ಬನೇ ನಿಂತು ನಗೋ ಜಾಗಕ್ಕೆ ಪೆನ್ಸಿಲ್ ಮುರಿಯೋ ಹಾಗೆ ಗೀಚಿದ್ದೆ. ನಂಗೆ ಆ ಗೀಚಿದ್ದೇ ಸಾಕು ಬರೆಯೋಕೆ.

ಇನ್ನು ಸಿನಿಮಾ ಮುಗಿದ ಮೊದಲ ಹತ್ತು ನಿಮಿಷ, ಇದೇ ಜೀವಾಳ. ಏನೂ ಸರ್ಚ್ ಮಾಡ್ಬೇಡಿ. ಕೈ ತುರಿಸುತ್ತೆ, ಗೊತ್ತು, ಆ ನಟಿ ಯಾರು, ಆ ಕೊನೇ ಸೀನಿನ ಅರ್ಥ ಏನು ಅಂತ. ಬೇಡ. ಚೀಟಿ ಮುಂದಿಟ್ಕೊಂಡು ಒಂದು ಗುರುತು ಆರಿಸ್ಕೊಳ್ಳಿ, ಜಾಸ್ತಿ ಜೋರಾಗಿ ಗೀಚಿರೋದು, ಅದ್ರ ಬಗ್ಗೆ ಮಾತ್ರ ಬರೀರಿ. ಸ್ಕ್ರೀನ್ ಮೇಲೆ ಏನಿತ್ತು, ಆಗ ನನಗೇನಾಯ್ತು, ಅಷ್ಟೇ.

ಇಲ್ಲಿ ಒಂದು ತೊಂದ್ರೆ ಬರುತ್ತೆ, ಪದಗಳದ್ದು. ನಾವೆಲ್ಲಾ "ಎಮೋಷನಲ್ ಆಗಿತ್ತು", "ಟಚಿಂಗ್ ಸೀನು", "ಇಂಟೆನ್ಸ್" ಅಂತ ಬರೆದು ಅಭ್ಯಾಸ ಆಗಿಹೋಗಿದೆ, ಆ ಪದಗಳು ಸವೆದು ಸವೆದು ಚಪ್ಪಟೆ ಆಗಿವೆ. ಕನ್ನಡದಲ್ಲಿ ಮೈಗೆ ಆಗೋದಕ್ಕೆ ಎಷ್ಟು ಪದ ಇದೆ ಅಂತ ಒಂದ್ಸಲ ಯೋಚ್ನೆ ಮಾಡಿ: ಎದೆ ಧಸಕ್ ಅಂತು, ಕರುಳು ಚುರುಕ್ ಅಂತು, ಹೊಟ್ಟೆ ತೊಳಸ್ತು, ಪಿತ್ತ ನೆತ್ತಿಗೇರ್ತು, ಮೈಯೆಲ್ಲಾ ಜುಮ್ ಅಂತು, ಗಂಟಲು ಕಟ್ತು, ಬಾಯಿ ಒಣಗ್ತು. ಒಂದೊಂದೂ ಬೇರೆ. ಕರುಳು ಚುರುಕ್ ಅನ್ನೋದು ಬೇರೆಯವರ ಕಷ್ಟಕ್ಕೆ, ಹೊಟ್ಟೆ ತೊಳಸೋದು ಅಸಹ್ಯಕ್ಕೆ ಇಲ್ಲಾ ತಪ್ಪು ಮಾಡಿದ ಭಾವನೆಗೆ. ಯಾವುದು ಅಂತ ಆರಿಸೋಕೆ ಹೋದಾಗಲೇ ನಮಗೇನಾಯ್ತು ಅಂತ ನಮಗೇ ತಿಳಿಯೋದು.

ಕೊರಿಯನ್ನರ ಹತ್ರಾನೂ ಇಂಥ ಪದಗಳಿವೆ, ಅವು ನಂಗೆ ಬಹಳ ಇಷ್ಟ. ನೋಡ್ತಾ ನೋಡ್ತಾ ಉಸಿರುಕಟ್ಟೋ ಹಾಗಾದ್ರೆ, ಅಂದ್ರೆ ಹೀರೋ ಹೇಳ್ಬೇಕಾದ್ದನ್ನ ಹೇಳ್ತಿಲ್ಲ, ಕೆಟ್ಟೋರು ಮೆರೀತಿದಾರೆ, ಏನೂ ಮುಂದೆ ಹೋಗ್ತಿಲ್ಲ ಅಂದ್ರೆ, ಅದನ್ನ "ಗೊಗುಮಾ" ಅಂತಾರೆ. ಗೊಗುಮಾ ಅಂದ್ರೆ ಗೆಣಸು. ಬೇಯಿಸಿದ ಗೆಣಸನ್ನ ನೀರು ಕುಡೀದೆ ತಿಂದ್ರೆ ಗಂಟಲಲ್ಲಿ ಸಿಕ್ಕಾಕ್ಕೊಳ್ಳುತ್ತಲ್ಲ, ಹಾಗೆ. ಕೊನೆಗೆ ಯಾರೋ ಕೆಟ್ಟೋನ ಕೆನ್ನೆಗೆ ಬಾರಿಸಿದ್ರೆ ಅದು "ಸೈದಾ", ಅಲ್ಲಿ ಕುಡಿಯೋ ಬಣ್ಣ ಇಲ್ಲದ ಸೋಡಾ ಪಾನೀಯ, ಒಂದೇ ಗುಟುಕಿಗೆ ಗಂಟಲು ಕ್ಲಿಯರ್. ಮಾ ಡಾಂಗ್ ಸೋಕ್ ಅವರ "ದಿ ರೌಂಡಪ್" ಸಾಲಿನ ಸಿನಿಮಾಗಳು ಹೆಚ್ಚುಕಮ್ಮಿ ಪೂರ್ತಿ ಸೈದಾ, ಆ ದಪ್ಪ ಕೈ ಎತ್ತಿದ ಅಂದ್ರೆ ಮುಗೀತು. 12.12 ಪೂರ್ತಿ ಗೊಗುಮಾ, ಸೈದಾ ಬರೋದೇ ಇಲ್ಲ, ಚರಿತ್ರೇಲೇ ಬರಲಿಲ್ಲವಲ್ಲ. ಇನ್ನೊಂದು ಪದ "ಸಿನ್‌ಪಾ", ಬೇಕು ಅಂತಲೇ ಅಳಿಸೋಕೆ ಮಾಡಿರೋ ಸೀನುಗಳಿಗೆ ಹೇಳೋದು, ನಮ್ಮ ಅಳುಮುಂಜಿ ಇದ್ದಂಗೆ. ಇದನ್ನ ಯಾಕೆ ಹೇಳ್ದೆ ಅಂದ್ರೆ, ಕೊರಿಯನ್ ಸಿನಿಮಾ ಅಂದ್ರೆ ಎಲ್ಲಾ ಅದ್ಭುತ ಅಂತ ಹೊರಗಿನೋರು ನಾವು ಅಂದ್ಕೊಂಡಿರ್ತೀವಿ, ಅಲ್ಲಿನ ಪ್ರೇಕ್ಷಕರೇ "ಥೂ, ಕೊನೇ ಅರ್ಧ ಗಂಟೆ ಸಿನ್‌ಪಾ ತುಂಬಿಬಿಟ್ಟಿದಾರೆ" ಅಂತ ಬೈತಿರ್ತಾರೆ. ಹಾಗಾಗಿ ನಿಮಗೆ ಬೋರ್ ಆದ್ರೆ, ಕಣ್ಣೀರು ಕಿತ್ಕೊಳ್ಳೋಕೆ ನೋಡ್ತಿದಾರೆ ಅನ್ನಿಸಿದ್ರೆ, ಧೈರ್ಯವಾಗಿ ಬರೀರಿ. ಅತ್ತಿದ್ರೆ ಅದನ್ನೂ ಬರೀರಿ. ಮೋಸ ಅಂತ ಗೊತ್ತಿದ್ದೂ ಅತ್ತೆ ಅಂತ ಬರೆದ್ರೆ ಇನ್ನೂ ಒಳ್ಳೇದು, ನಾನು "ಮಿರಾಕಲ್ ಇನ್ ಸೆಲ್ ನಂಬರ್ 7"ಗೆ ಹಾಗೇ ಬರ್ದಿದೀನಿ.

ಕಷ್ಟದ ಪದ ಹಾಕಿ ದೊಡ್ಡೋರಾಗೋಕೆ ಮಾತ್ರ ಹೋಗ್ಬೇಡಿ. ಕೊರಿಯಾದಲ್ಲಿ ಸಿನಿಮಾಗೆ ಒಂದೇ ಸಾಲಿನ ವಿಮರ್ಶೆ ಬರೆಯೋ ಪದ್ಧತಿ ಇದೆ, "ಹಾನ್‌ಜುಲ್‌ಪ್ಯೊಂಗ್" ಅಂತಾರೆ. ಲೀ ಡಾಂಗ್ ಜಿನ್ ಅನ್ನೋ ಬಹಳ ಹೆಸರುವಾಸಿ ವಿಮರ್ಶಕರು 2019ರಲ್ಲಿ "ಪ್ಯಾರಸೈಟ್"ಗೆ ಬರೆದ ಒಂದು ಸಾಲಲ್ಲಿ ಎರಡು ಸಂಸ್ಕೃತಭೂಯಿಷ್ಠ ಅನ್ನಬಹುದಾದ, ಅಂದ್ರೆ ಅಲ್ಲಿನ ಲೆಕ್ಕದಲ್ಲಿ ಚೀನೀ ಮೂಲದ ಪದಗಳಿದ್ವು, ಸ್ಪಷ್ಟ ಅನ್ನೋದಕ್ಕೆ ಒಂದು, ನೇಯ್ದದ್ದು ಅನ್ನೋದಕ್ಕೆ ಒಂದು. ಅಷ್ಟಕ್ಕೇ ದೊಡ್ಡ ಗಲಾಟೆ, ಇಷ್ಟು ಕಷ್ಟದ ಮಾತು ಯಾಕೆ ಅಂತ ಒಂದು ಕಡೆ, ಡಿಕ್ಷನರಿ ನೋಡೋಕೆ ಏನು ರೋಗ ಅಂತ ಇನ್ನೊಂದು ಕಡೆ. ನಾನು ಎರಡೂ ಕಡೆ ಇಲ್ಲ, ಅವರಿಗೆ ಆ ಪದ ಸಹಜವಾಗಿ ಬಂದಿರಬಹುದು. ನನಗೆ ಸಹಜವಾಗಿ ಬರೋದು "ಹೊಟ್ಟೆ ತೊಳಸ್ತು".

ಬರೆಯುವಾಗ ನಾನು ಮಾಡೋ ಇನ್ನೊಂದು ಕೆಲಸ ಇದೆ, ಇದ್ರಿಂದ ನನಗೆ ಸಿಕ್ಕಷ್ಟು ಬೇರೆ ಯಾವುದ್ರಿಂದಲೂ ಸಿಕ್ಕಿಲ್ಲ. ತಲೇಲಿ ಉಳಿದ ಒಂದೇ ಒಂದು ಮಾತನ್ನ ಕನ್ನಡಕ್ಕೆ ತಂದು ನೋಡೋದು. ಪಾರ್ಕ್ ಚಾನ್ ವುಕ್ ಅವರ "ಡಿಸಿಷನ್ ಟು ಲೀವ್" ನೋಡಿದ್ರಲ್ಲ, 2022ರದ್ದು, ಕಾನ್ ಫೆಸ್ಟಿವಲಲ್ಲಿ ಅವರಿಗೆ ಬೆಸ್ಟ್ ಡೈರೆಕ್ಟರ್ ಕೊಡ್ಸಿದ ಸಿನಿಮಾ. ಗಂಡ ಬೆಟ್ಟದಿಂದ ಬಿದ್ದು ಸತ್ತಿದಾನೆ, ಹೆಂಡತಿ ಸೋ ರೇ ಚೀನಾದಿಂದ ಬಂದೋಳು, ಕೊರಿಯನ್ ಕಲ್ತಿದ್ದು ಟಿವಿಯ ಐತಿಹಾಸಿಕ ಧಾರಾವಾಹಿ ನೋಡಿ, ಹಾಗಾಗಿ ಅವಳ ಮಾತು ಸ್ವಲ್ಪ ಹಳೇ ಕಾಲದ್ದು, ಸ್ವಲ್ಪ ವಕ್ರ. ಪೊಲೀಸರ ಮುಂದೆ ಅವಳು ಒಂದು ಮಾತು ಹೇಳ್ತಾಳೆ, ಬೆಟ್ಟಕ್ಕೆ ಹೋದೋರು ವಾಪಸ್ ಬರ್ದೇ ಇದ್ರೆ ನಂಗೆ ಚಿಂತೆ ಆಗ್ತಿತ್ತು ಅಂತ, ಸಾಯ್ತಾರೇನೋ ಅಂತ. ಆ ಸಾಯೋದ್ರ ಹಿಂದೆ ಒಂದು ಪದ ಇಡ್ತಾಳೆ, "ಮಾಚಿಮ್ನೇ". ಪತ್ತೇದಾರನ ಕಿವಿ ಅಲ್ಲೇ ನಿಲ್ಲುತ್ತೆ. ನೋಡುವಾಗ ನನಗೆ ಅದು ಪೂರ್ತಿ ತಟ್ಟಿರಲಿಲ್ಲ, ಏನೋ ಭಾಷೆ ತಪ್ಪು ಅಂತ ಬಿಟ್ಟುಬಿಟ್ಟಿದ್ದೆ, ಚೀಟೀಲಿ ಮಾತ್ರ ಪ್ರಶ್ನಾರ್ಥಕ ಚಿಹ್ನೆ ಇತ್ತು. ಆಮೇಲೆ ಕೂತು ಕನ್ನಡದಲ್ಲಿ ಬರ್ದೆ: "ಕೊನೆಗೂ ಸತ್ತೋಗ್ತಾರೇನೋ ಅಂತ." ಬರ್ದು ಕೈ ನಿಂತುಹೋಯ್ತು. ಕೊನೆಗೂ! ನಾವು ಕೊನೆಗೂ ಅನ್ನೋದು ಯಾವಾಗ? ಕೊನೆಗೂ ಬಸ್ ಬಂತು, ಕೊನೆಗೂ ಮಳೆ ಬಂತು, ಕೊನೆಗೂ ಕೆಲಸ ಸಿಕ್ತು. ಕಾದು ಕಾದು ಬಂದದ್ದಕ್ಕೆ. ಗಂಡ ಸಾಯೋದಕ್ಕೆ ಯಾರಾದ್ರೂ ಕೊನೆಗೂ ಅಂತಾರಾ? ಅಂದ್ರೆ ಅವಳು ಭಾಷೆ ಬರದೇ ಹಂಗಂದ್ಲಾ, ಬಾಯ್ತಪ್ಪಿ ನಿಜ ಬಂತಾ, ಬೇಕಂತಲೇ ಅಂದ್ಲಾ? ಇಡೀ ಸಿನಿಮಾ ಆ ಒಂದು ಪದದ ಮೇಲೆ ಕೂತಿದೆ ಅಂತ ನಂಗೆ ಗೊತ್ತಾಗಿದ್ದು ಸ್ಕ್ರೀನ್ ಮುಂದಲ್ಲ, ನೋಟ್‌ಬುಕ್ ಮುಂದೆ.

"ಮೆಮೊರೀಸ್ ಆಫ್ ಮರ್ಡರ್"ಗೂ ಇದೇ ಮಾಡ್ದೆ. ಮಳೆ, ಸುರಂಗದ ಬಾಯಿ, ಪತ್ತೇದಾರ ಶಂಕಿತನ ಮುಖಾನ ಕೈಯಲ್ಲಿ ಹಿಡ್ದು ದಿಟ್ಟಿಸಿ ನೋಡ್ತಾನೆ, ಇವನೇ ಕೊಲೆಗಾರನೋ ಅಲ್ವೋ ಅಂತ ಗೊತ್ತಾಗಲ್ಲ ಅವನಿಗೆ, ಆಗ ಕೇಳೋ ಪ್ರಶ್ನೆ ಕೊಲೆ ಬಗ್ಗೆ ಅಲ್ಲ, ಊಟದ ಬಗ್ಗೆ. ಸಬ್‌ಟೈಟಲಲ್ಲಿ ಏನೇ ಇರಲಿ, ಕನ್ನಡದಲ್ಲಿ ಅದು "ಊಟ ಗೀಟ ಮಾಡ್ಕೊಂಡು ಓಡಾಡ್ತಿದೀಯೇನೋ?" ಅಂತ ಏಕವಚನದಲ್ಲಿ. ಆ ಮಾತು ಸ್ಕ್ರಿಪ್ಟಲ್ಲಿ ಇರಲಿಲ್ಲ, ಪತ್ತೇದಾರನ ಪಾತ್ರ ಮಾಡಿದ ಸಾಂಗ್ ಕಾಂಗ್ ಹೋ ಅವರೇ ಹಾಕಿದ್ದು. ಅಲ್ಲೂ ಜನ ಎದುರು ಸಿಕ್ಕಾಗ ಊಟ ಆಯ್ತಾ ಅಂತಲೇ ಕೇಳೋದು. ಇಷ್ಟೆಲ್ಲಾ ಮಾಡಿ ನಿನ್ನ ಗಂಟಲಲ್ಲಿ ಅನ್ನ ಇಳಿಯುತ್ತಾ ಅಂತಲೋ, ಅಯ್ಯೋ ಪಾಪ ನಿನ್ನನ್ನ ಎಷ್ಟು ಗೋಳು ಹೊಯ್ಕೊಂಡ್ವಿ ಅಂತಲೋ, ಎರಡೂ ಆಗುತ್ತೆ. ನಂಗೆ ಎರಡನೇ ಸಲ ನೋಡಿದಾಗ ಗಂಟಲು ಕಟ್ತು, ಮೊದಲ ಸಲ ಬರೀ ಸಿಟ್ಟು ಬಂದಿತ್ತು.

ಸರಿ, ನಿಮ್ಮದು ಬರ್ದಾಯ್ತು, ಒಂದು ರಾತ್ರಿ ಹಾಗೇ ಬಿಡಿ. ಮಾರನೇ ದಿನ ಹುಡುಕಾಟ. ಈಗ ಹುಡುಕಬಹುದು, ಆದ್ರೆ ಎಲ್ಲಾನೂ ಅಲ್ಲ, ಪ್ರಶ್ನಾರ್ಥಕ ಚಿಹ್ನೆ ಹಾಕಿದ ಜಾಗಗಳನ್ನ ಮಾತ್ರ. ಕೊರಿಯನ್ ಪ್ರೇಕ್ಷಕನಿಗೆ ಆ ಜಾಗದಲ್ಲಿ ಗೊತ್ತಿದ್ದು ನಮಗೆ ಗೊತ್ತಿಲ್ಲದ್ದು ಏನು ಅಂತ.

ಪ್ಯಾರಸೈಟ್‌ನಲ್ಲಿ ಬಡ ಮನೆಯ ಮಗಳು ಕಂಪ್ಯೂಟರಲ್ಲಿ ಅಣ್ಣನಿಗೆ ನಕಲಿ ಸರ್ಟಿಫಿಕೇಟ್ ಮಾಡಿಕೊಡ್ತಾಳಲ್ಲ, ಅದನ್ನ ನೋಡಿ ಅಪ್ಪ ಹೆಮ್ಮೆಪಟ್ಟು ಆಕ್ಸ್‌ಫರ್ಡಲ್ಲಿ ಫೋರ್ಜರಿಗೇ ಒಂದು ಕೋರ್ಸ್ ಇದ್ಯಾ ಅಂತ ಕೇಳ್ತಾನೆ. ನಾನು ಕೊರಿಯಾದ ಬಡ ಅಪ್ಪನಿಗೂ ಆಕ್ಸ್‌ಫರ್ಡ್ ಹುಚ್ಚು ನೋಡಪ್ಪಾ ಅಂತ ಒಂದಿಡೀ ಪ್ಯಾರಾ ಬರ್ದಿದ್ದೆ, ಗುಲಾಮಿ ಮನಸ್ಥಿತಿ ಅದು ಇದು ಅಂತ ಭಾಷಣ ಬೇರೆ. ಆಮೇಲೆ ಗೊತ್ತಾಯ್ತು, ಅವನು ಹೇಳೋದು ಸೋಲ್ ನ್ಯಾಷನಲ್ ಯೂನಿವರ್ಸಿಟಿ, ಅಲ್ಲಿನ ನಂಬರ್ ಒನ್, ಹೊರಗಿನೋರಿಗೆ ಜೋಕ್ ತಕ್ಷಣ ಹೊಳೀಲಿ ಅಂತ ಇಂಗ್ಲಿಷ್ ಸಬ್‌ಟೈಟಲ್ ಬರೆದ ಡಾರ್ಸಿ ಪಾಕೆಟ್ ಆಕ್ಸ್‌ಫರ್ಡ್ ಅಂತ ಮಾಡಿದ್ದು. ನನ್ನ ಭಾಷಣ ಪೂರ್ತಿ ನೀರಿಗೆ ಹೋಯ್ತು. ಅದೇ ಸಿನಿಮಾದ "ಜ್ಜಾಪಾಗುರಿ"ನೂ ಹಂಗೇ, ಎರಡು ಬ್ರ್ಯಾಂಡಿನ ಅಗ್ಗದ ಇನ್‌ಸ್ಟಂಟ್ ನೂಡಲ್ಸ್ ಬೆರೆಸಿ ಮಾಡೋದು, ಸಬ್‌ಟೈಟಲಲ್ಲಿ "ರಾಮ್‌ಡಾನ್" ಅನ್ನೋ ಹುಟ್ಟಿಸಿದ ಹೆಸರು. ಶ್ರೀಮಂತರ ಮನೇಲಿ ಅದ್ರ ಮೇಲೆ ದುಬಾರಿ ಹಾನೂ ದನದ ಮಾಂಸ ಹಾಕ್ತಾರೆ. ಆ ಬಟ್ಟಲಲ್ಲೇ ಇಡೀ ಕತೆ ಇದೆ, ಅದು ಗೊತ್ತಿಲ್ದೇ ನಾನು ಆ ಸೀನಲ್ಲಿ ಅಡುಗೆ ಟೈಮಿಗೆ ಆಗುತ್ತೋ ಇಲ್ವೋ ಅಂತ ಮಾತ್ರ ಟೆನ್ಷನ್ ಮಾಡ್ಕೊಂಡಿದ್ದೆ.

ಆ ಬಡ ಕುಟುಂಬ ಇರೋ ನೆಲಮಾಳಿಗೆ ಮನೆ ಬಗ್ಗೆನೂ ಹಂಗೇ. ಅರ್ಧ ನೆಲದೊಳಗೆ ಇರೋ ಆ ಮನೆಗೆ "ಬಾನ್‌ಜಿಹಾ" ಅಂತಾರೆ. 1970ರ ಸುಮಾರಿಗೆ ಉತ್ತರ ಕೊರಿಯಾ ಭಯ ಜಾಸ್ತಿ ಆದಾಗ ಕಟ್ಟಡಗಳಿಗೆ ನೆಲಮಾಳಿಗೆ ಇರಲೇಬೇಕು ಅಂತ ಕಾನೂನು ಬಂತು, ಯುದ್ಧ ಆದ್ರೆ ಬಚ್ಚಿಟ್ಕೊಳ್ಳೋಕೆ. ಆಮೇಲೆ ಸೋಲ್‌ನಲ್ಲಿ ಮನೆ ಸಿಗೋದೇ ಕಷ್ಟ ಆದಾಗ ಅವೇ ಬಾಡಿಗೆ ಮನೆಗಳಾದ್ವು. ಟಾಯ್ಲೆಟ್ ಅಟ್ಟದ ಮೇಲೆ ಇದ್ದಂಗೆ ಮೇಲಿತ್ತಲ್ಲ, ಅದು ಡೈರೆಕ್ಟರ್ ಚಮಕ್ ಅಂದ್ಕೊಂಡಿದ್ದೆ, ಅಲ್ಲ, ಚರಂಡಿ ಮಟ್ಟಕ್ಕಿಂತ ಮನೇನೇ ಕೆಳಗಿದ್ರೆ ಇನ್ನೇನು ಮಾಡೋದು. 2022ರ ಆಗಸ್ಟಲ್ಲಿ ಸೋಲ್‌ಗೆ ಭಾರೀ ಮಳೆ ಬಂದು ಇಂಥದೇ ಒಂದು ಮನೇಲಿ ನೀರು ತುಂಬಿ ಒಂದೇ ಕುಟುಂಬದ 3 ಜನ ಸತ್ರು. ಸಿನಿಮಾದಲ್ಲಿ ಆ ಮನೆಗೆ ನೀರು ನುಗ್ಗೋ ಮಳೆ ಸೀನನ್ನ ಇದಾದ್ಮೇಲೆ ನೋಡೋದೇ ಬೇರೆ.

ಅದಕ್ಕೇ ಹೇಳೋದು, ತಾರೀಕು ಹಾಕಿ. ನೋಡಿದ ದಿನ, ಬರೆದ ದಿನ. ಸಣ್ಣ ವಿಷಯ ಅನ್ಸುತ್ತೆ ಆದ್ರೆ ಕೊರಿಯನ್ ಸಿನಿಮಾಗಳ ಕಾಲ ಕೆಳಗಿನ ನೆಲ ಸರೀತಾನೇ ಇರುತ್ತೆ. ಮೆಮೊರೀಸ್ ಆಫ್ ಮರ್ಡರ್ 2003ರದ್ದು, ಹ್ವಾಸೊಂಗ್ ಅನ್ನೋ ಕಡೆ 1986ರಿಂದ 1991ರವರೆಗೆ ನಡೆದ ಕೊಲೆಗಳ ಮೇಲೆ ಮಾಡಿದ್ದು, ಆಗಿನ್ನೂ ಕೊಲೆಗಾರ ಸಿಕ್ಕಿರಲಿಲ್ಲ. ಕೊನೇಲಿ ಸಾಂಗ್ ಕಾಂಗ್ ಹೋ ಸೀದಾ ಕ್ಯಾಮೆರಾ ನೋಡ್ತಾರೆ, ಅವನು ಥಿಯೇಟರಲ್ಲಿ ಕೂತಿದ್ರೆ ಅವನ ಕಣ್ಣಿಗೆ ಕಣ್ಣು ಸಿಗಲಿ ಅಂತ. 2019ರಲ್ಲಿ ಡಿಎನ್‌ಎಯಿಂದ ಗೊತ್ತಾಯ್ತು ಯಾರು ಅಂತ, ಅವನು ಬೇರೆ ಒಂದು ಕೊಲೆಗೆ 1994ರಿಂದಲೇ ಜೈಲಲ್ಲಿದ್ದ. ಅಂದ್ರೆ ಸಿನಿಮಾ ಬಿಡುಗಡೆ ಆದಾಗ ಅವನು ಯಾವ ಥಿಯೇಟರಲ್ಲೂ ಕೂತಿರಲಿಲ್ಲ. ಆ ನೋಟ ಮೊದಲು ನೋಡ್ದಾಗ ನನ್ನ ಬೆನ್ನುಹುರಿ ತಣ್ಣಗಾಗಿತ್ತು, ಈಗ ಸುಮ್ನೆ ಬೇಜಾರಾಯ್ತು, ಖಾಲಿ ಕುರ್ಚಿ ನೋಡಿದಂಗೆ. ಎರಡೂ ನನ್ನದೇ, ತಾರೀಕು ಇಲ್ದಿದ್ರೆ ಯಾವುದು ಯಾವಾಗ್ಲದು ಅಂತ ಕಲಸುಮೇಲೋಗರ. 12.12 ಕೂಡ ಹಾಗೇ, 2024ರ ಡಿಸೆಂಬರ್ 3ರ ರಾತ್ರಿ ಅಲ್ಲಿನ ಅಧ್ಯಕ್ಷರು ಇದ್ದಕ್ಕಿದ್ದಂಗೆ ಮಾರ್ಷಲ್ ಲಾ, ಅಂದ್ರೆ ಸೇನಾಡಳಿತ, ಅಂದ್ರು, ಕೆಲವೇ ಗಂಟೆಗಳಲ್ಲಿ ಸಂಸತ್ತು ಓಟು ಹಾಕಿ ತೆಗೆಸ್ತು. ಅದಕ್ಕೆ ಮುಂಚೆ ಅದನ್ನ ನೋಡಿದೋರ ಎದೆಬಡಿತಾನೂ ಆಮೇಲೆ ನೋಡಿದೋರ ಎದೆಬಡಿತಾನೂ ಒಂದೇ ಆಗಿರೋಕೆ ಸಾಧ್ಯ ಇಲ್ಲ.

ಈ ಹುಡುಕಾಟದಲ್ಲಿ ಒಂದು ಗುಂಡಿ ಇದೆ, ನಾನು ಅದ್ರಲ್ಲಿ ಬಿದ್ದಿದೀನಿ. "ಎಕ್ಸ್‌ಹ್ಯೂಮಾ" ನೋಡಿದ್ದೆ, 2024ರದ್ದು, ಸಮಾಧಿ ಅಗೆಯೋ ಕತೆ. ಭೂಮಿ ಲಕ್ಷಣ ನೋಡೋ ಮುದುಕ ಚೋಯ್ ಮಿನ್ ಸಿಕ್, ಹೆಣ ನೋಡ್ಕೊಳ್ಳೋ ಯೂ ಹೇ ಜಿನ್, ಇವನು ಚರ್ಚಿನ ಹಿರಿಯ ಬೇರೆ, ಮೈಮೇಲೆ ದೇವರು ಬರಿಸ್ಕೊಳ್ಳೋ ಕಿಮ್ ಗೋ ಉನ್, ಮೈತುಂಬಾ ಮಂತ್ರ ಹಚ್ಚೆ ಹಾಕಿಸ್ಕೊಂಡ ಅವಳ ಶಿಷ್ಯ. ಮುಗಿದ ತಕ್ಷಣ ನನ್ನ ನಿಯಮ ನಾನೇ ಮುರಿದು ಹುಡುಕೋಕೆ ಶುರು ಮಾಡ್ದೆ. ಎಂಥಾ ಖಜಾನೆ ಅಂತೀರಿ, ಗಾಡಿ ನಂಬರ್‌ಗಳು 1945, 0815, 0301, ಅಂದ್ರೆ ಜಪಾನಿಂದ ಬಿಡುಗಡೆ ಆದ ವರ್ಷ, ಆ ದಿನ ಆಗಸ್ಟ್ 15, ಮತ್ತೆ ಜಪಾನ್ ವಿರುದ್ಧ ನಡೆದ 1919ರ ಮಾರ್ಚ್ 1ರ ಚಳವಳಿ. ಮುಖ್ಯ ಪಾತ್ರಗಳ ಹೆಸರೆಲ್ಲಾ ಸ್ವಾತಂತ್ರ್ಯ ಹೋರಾಟಗಾರರದ್ದು. ಮುದುಕ ಸಮಾಧಿಗೆ ಎಸೆಯೋ 100 ವೊನ್ ನಾಣ್ಯದ ಮೇಲಿರೋದು ಜಪಾನನ್ನ ಸಮುದ್ರದಲ್ಲಿ ಸೋಲಿಸಿದ ಯಿ ಸುನ್ ಶಿನ್. ಎಲ್ಲಾನೂ ಬರ್ದು ನಾಲ್ಕು ಪೇಜ್ ತುಂಬ್ಸಿ ಒಬ್ಬ ಗೆಳೆಯನಿಗೆ ಕಳ್ಸಿದೆ. ಅವನು ಓದಿ ಕೇಳಿದ್ದು ಒಂದೇ: "ಅದೆಲ್ಲಾ ಸರಿ ಗುರು, ನಿಂಗೆ ಭಯ ಆಯ್ತಾ?"

ನಾಲ್ಕು ಪೇಜಲ್ಲಿ ಅದೊಂದು ಇರಲೇ ಇಲ್ಲ. ಯೋಚ್ನೆ ಮಾಡಿ ನೋಡಿದ್ರೆ ದೆವ್ವಕ್ಕೆ ನಂಗೆ ಭಯ ಆಗಿರಲಿಲ್ಲ. ನಾನು ನಡುಗಿದ್ದು ಆ ಪೂಜೆ ಸೀನಲ್ಲಿ, "ಗುಟ್" ಅಂತಾರೆ ಅದಕ್ಕೆ, ಹಂದಿಗಳ ಮೇಲೆ ಕತ್ತಿ ಇಳಿಸ್ತಾ, ಮಸಿ ಬಳ್ಕೊಂಡು ಕುಣೀತಾಳಲ್ಲ ಅವಳು, ಆ ಬಿಳೀ ಬಟ್ಟೆ ಕೆಳಗೆ ಕಾಲಲ್ಲಿ ಮಾಮೂಲಿ ಕ್ಯಾನ್ವಾಸ್ ಶೂ. ಕಾಲೇಜು ಹುಡುಗೀರು ಹಾಕೋ ಶೂ. ಆ ಶೂ ನೋಡಿ ನಂಗೆ ಮೈ ಜುಮ್ ಅಂತು, ಯಾಕಂದ್ರೆ ಅಲ್ಲೀವರೆಗೂ ಇದು ಯಾವುದೋ ಕಾಲದ ಕತೆ ಅನ್ನಿಸ್ತಿತ್ತು, ಶೂ ಕಂಡಾಗ ಇದು ಇವತ್ತು ಮಧ್ಯಾಹ್ನ ನಡೀತಿದೆ ಅನ್ನಿಸ್ತು, ಇವಳಿಗೆ ಇದು ಕೆಲಸ, ಸಂಜೆ ಮನೆಗೆ ಹೋಗಿ ಶೂ ಬಿಚ್ಚಿ ಮಲಗ್ತಾಳೆ. ನಾಲ್ಕು ಪೇಜ್ ಹರಿದು ಹಾಕಿ ಈ ನಾಲ್ಕು ಸಾಲು ಇಟ್ಕೊಂಡೆ. ಗಾಡಿ ನಂಬರ್ ಕತೆ ಯಾರು ಬೇಕಾದ್ರೂ ಹೇಳ್ತಾರೆ, ಶೂ ಮಾತ್ರ ನಂದು.

ಹುಡುಕಿದ್ದನ್ನ ಬಳಸಬಾರದು ಅಂತಲ್ಲ, ನಿಮ್ಮ ಗುರುತಿನ ಪಕ್ಕದಲ್ಲಿ ಇಡಿ, ಅದ್ರ ಮೇಲೆ ಇಡಬೇಡಿ. ಮೊದಲು ಹೀಗನ್ನಿಸ್ತು, ಆಮೇಲೆ ಇದು ಗೊತ್ತಾಯ್ತು, ಈಗ ಹಾಗನ್ನಿಸ್ತಿದೆ. ನನ್ನ ಆಕ್ಸ್‌ಫರ್ಡ್ ಭಾಷಣಾನ ಹೊಡೆದು ಹಾಕ್ಲಿಲ್ಲ, ಕೆಳಗೆ "ಪೆದ್ದ, ಅದು ಸೋಲ್" ಅಂತ ಬರ್ದಿಟ್ಟಿದೀನಿ.

ಇನ್ನೂ ಕೆಲವು ಬೇಗ ಹೇಳಿ ಮುಗಿಸ್ತೀನಿ. "ಕೊರಿಯನ್ನರೇ ಹೀಗೆ" ಅಂತ ಒಂದು ಸಿನಿಮಾ ನೋಡಿ ತೀರ್ಪು ಕೊಡ್ಬೇಡಿ, ಸೇಡಿನ ಸಿನಿಮಾ ನೋಡಿ ಅಲ್ಲಿ ಎಲ್ಲರೂ ಸುತ್ತಿಗೆ ಹಿಡ್ಕೊಂಡು ಓಡಾಡ್ತಾರೆ ಅಂದ್ಕೊಂಡ್ರೆ ಹೆಂಗೆ. ಹೆಸರುಗಳು ಗೊಂದಲ ಆಗುತ್ತೆ, ಮನೆತನದ ಹೆಸರು ಮೊದಲು ಬರುತ್ತೆ ಅಂತ ನೆನಪಿಡಿ, ಎಲ್ಲರೂ ಕಿಮ್, ಲೀ, ಪಾರ್ಕ್ ಆಗಿರೋದ್ರಿಂದ ನಾನು ಚೀಟೀಲಿ "ಕನ್ನಡಕ", "ಕೆಂಪು ಜಾಕೆಟ್" ಅಂತ ಬರ್ಕೊಳ್ತೀನಿ. ಕಲೆಕ್ಷನ್ ಲೆಕ್ಕ ಹಾಕೋರಿಗೆ ಒಂದು ಮಾತು, ಅಲ್ಲಿ ಸಿನಿಮಾ ದೊಡ್ಡದಾ ಚಿಕ್ಕದಾ ಅಂತ ಅಳೆಯೋದು ದುಡ್ಡಿಂದ ಅಲ್ಲ, ಎಷ್ಟು ಟಿಕೆಟ್ ಹೋಯ್ತು ಅಂತ. 1 ಕೋಟಿ ಜನ ನೋಡಿದ್ರೆ ಅದು "ಚೊನ್‌ಮಾನ್" ಸಿನಿಮಾ. ದೇಶದ ಜನಸಂಖ್ಯೆನೇ 5 ಕೋಟಿ ಚಿಲ್ಲರೆ, 2014ರ "ದಿ ಅಡ್ಮಿರಲ್" 1 ಕೋಟಿ 76 ಲಕ್ಷ ಮುಟ್ಟಿತ್ತು, ಇವತ್ತಿಗೂ ಅದೇ ರೆಕಾರ್ಡ್. ಹಳೇ ಸಿನಿಮಾ ನೋಡೋ ಆಸೆ ಇದ್ರೆ ಕೊರಿಯನ್ ಫಿಲ್ಮ್ ಆರ್ಕೈವ್‌ನವರು ಯೂಟ್ಯೂಬಲ್ಲಿ ಸಬ್‌ಟೈಟಲ್ ಸಮೇತ ಫ್ರೀಯಾಗಿ ಹಾಕಿದಾರೆ, 1960ರ "ದಿ ಹೌಸ್‌ಮೇಯ್ಡ್" ಅಲ್ಲಿಂದ ಶುರು ಮಾಡಿ, ಮೆಟ್ಟಿಲು ಕಂಡ್ರೆ ಹೆದರೋ ಹಾಗಾಗುತ್ತೆ.

ಮತ್ತೆ ನಗು. ಕೊರಿಯನ್ ಸಿನಿಮಾ ನೋಡುವಾಗ ಜಾಸ್ತಿ ಎಡವೋದು ಇಲ್ಲೇ. ಪಾರ್ಕ್ ಚಾನ್ ವುಕ್ ಅವರದೇ 2025ರ "ನೋ ಅದರ್ ಚಾಯ್ಸ್", ಪೇಪರ್ ಕಂಪನೀಲಿ 25 ವರ್ಷ ದುಡಿದೋನನ್ನ ಕೆಲಸದಿಂದ ತೆಗೀತಾರೆ, ಬೇರೆ ಕೆಲಸಕ್ಕೆ ಪೈಪೋಟಿ ಇರೋರನ್ನೆಲ್ಲಾ ಮುಗಿಸಿಬಿಡೋಣ ಅಂತ ಹೊರಡ್ತಾನೆ ಅವನು. ಒಬ್ಬನ ಮನೇಲಿ ಹಳೇ ಹಾಡು ಕಿವಿ ಕಿತ್ತೋಗೋ ಹಾಗೆ ಹಾಕಿದಾರೆ, ಪಿಸ್ತೂಲು ಮಧ್ಯದಲ್ಲಿ, ಮೂರು ಜನ ಹೊಡೆದಾಡ್ತಿದಾರೆ, ಯಾರು ಏನು ಕೂಗಿದ್ರೂ ಯಾರಿಗೂ ಕೇಳಲ್ಲ. ನಾನು ಬಿದ್ದು ಬಿದ್ದು ನಕ್ಕೆ. ನಕ್ಕು ಮುಗಿಯೋದ್ರೊಳಗೆ ನಗು ಹುಳಿ ಆಯ್ತು, ಆ ಮೂವರಲ್ಲಿ ಇಬ್ಬರು ಕೆಲಸ ಕಳ್ಕೊಂಡ ಗಂಡಸರು, ಇನ್ನೊಂದು ದಿನ ಸಿಕ್ಕಿದ್ರೆ ಒಟ್ಟಿಗೆ ಕೂತು ಕುಡೀತಿದ್ರು. ಇಂಥ ಕಡೆ "ಡಾರ್ಕ್ ಕಾಮಿಡಿ" ಅಂತ ಬರೆದು ತಪ್ಪಿಸ್ಕೊಳ್ಳಬೇಡಿ. ಯಾವ ಸೆಕೆಂಡಿಗೆ ನಗು ನಿಂತೋಯ್ತು, ಏನು ಕಂಡು ನಿಂತೋಯ್ತು, ಅದನ್ನ ಹಿಡೀರಿ. ಕತೆ ಹಾಳಾಗುತ್ತೆ ಅನ್ನೋ ಭಯ ಇದ್ರೆ ಯಾರು ಸತ್ರು ಅಂತ ಹೇಳ್ಬೇಡಿ ಅಷ್ಟೇ, ನಿಮ್ಮ ನಗು ಸ್ಪಾಯ್ಲರ್ ಆಗಲ್ಲ.

ಏನೂ ಅನ್ನಿಸದೇ ಇದ್ರೆ? ಆಗುತ್ತೆ. "ಬರ್ನಿಂಗ್" ಮೊದಲ ಸಲ ನೋಡ್ದಾಗ, ಲೀ ಚಾಂಗ್ ಡಾಂಗ್ ಅವರದ್ದು, ಎರಡೂವರೆ ಗಂಟೆ ಹತ್ರ, ನನ್ನ ಚೀಟೀಲಿ "ನ" ಇಲ್ಲ "ಹೊ" ಇಲ್ಲ. ಮೊಬೈಲ್ ಕೈಗೆ ತಗೊಂಡ ನಿಮಿಷಗಳನ್ನ ಗುರುತು ಹಾಕ್ದೆ, ಮೂರು ಸಲ. ಮತ್ತೆ ಒಂದೇ ಒಂದು ಪ್ರಶ್ನೆ: ಆ ಹುಡುಗಿ ಆಫ್ರಿಕಾಗೆ ಹೋದಾಗ ಅವಳ ಬೆಕ್ಕಿಗೆ ಊಟ ಹಾಕೋಕೆ ಹೀರೋ ಬರ್ತಾ ಇರ್ತಾನೆ, ತಟ್ಟೆ ಖಾಲಿ ಆಗಿರುತ್ತೆ, ಬೆಕ್ಕು ಮಾತ್ರ ಕಾಣಲ್ಲ. ನಾನು ಬರ್ದಿದ್ದು "ಬೋರು. ಬೆಕ್ಕು ಇದೆಯಾ ಇಲ್ವಾ?" ಅಂತ, ಅಷ್ಟೇ, ತಾರೀಕು ಹಾಕಿ ಮುಚ್ಚಿಟ್ಟೆ. ನಾಲ್ಕು ದಿನ ಬಿಟ್ಟು ಹಲ್ಲುಜ್ಜುವಾಗ ತಟ್ಟನೆ ಹೊಳೀತು, ಬೆಕ್ಕು ಅಲ್ಲ, ಆ ಹುಡುಗೀನೇ ಇದ್ಲಾ ಇಲ್ವಾ ಅನ್ನೋದೇ ಯಾರಿಗೂ ಬೇಕಾಗಿಲ್ವಲ್ಲ ಆ ಸಿನಿಮಾದಲ್ಲಿ ಅಂತ. ಬಾಯಲ್ಲಿ ಬ್ರಷ್ ಇಟ್ಕೊಂಡೇ ಹೋಗಿ ಕೆಳಗೆ ಬರ್ದೆ. ಪೇಜಿನ ಮೇಲೆ ಪೇಸ್ಟ್ ಬಿದ್ದ ಕಲೆ ಇನ್ನೂ ಇದೆ.